ಕೆಲಸ ಕಲಿತ ಹುಡುಗರು ಬೆಂಗಳೂರಿಗೆ ಹೊರಟರೆ ಏನು ಮಾಡಲಿ?

ಪ್ರಶ್ನೆ: ಮಂಡ್ಯದ ತೂಬಿನಕೆರೆಯಲ್ಲಿ ನನ್ನದೊಂದು ಸಣ್ಣ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಮೆಷಿನ್) ಘಟಕವಿದೆ. 14 ಜನ ಇದ್ದಾರೆ. ಐಟಿಐ ಮುಗಿಸಿ ಬಂದವರಿಗೆ ನಾನೇ ಮೆಷಿನ್ ಕಲಿಸುತ್ತೇನೆ. ಕೈ ಪಳಗಿದ ಮೇಲೆ ಬೆಂಗಳೂರಿನ ಪೀಣ್ಯಕ್ಕೆ ಹೋಗಿಬಿಡುತ್ತಾರೆ. ಈಗ ತಮ್ಮನಂತೆ ನೋಡಿಕೊಂಡ ಹುಡುಗನೂ ಹೊರಟಿದ್ದಾನೆ. ಬೇಜಾರಾಗಿ ಅವನ ಜೊತೆ ಮಾತು ಬಿಟ್ಟಿದ್ದೇನೆ. ಬೆಂಗಳೂರಿನಷ್ಟು ಸಂಬಳ ಕೊಡುವ ಶಕ್ತಿ ನನಗಿಲ್ಲ. 'ಎಂಪ್ಲಾಯೀ ವ್ಯಾಲ್ಯೂ ಪ್ರೊಪೊಸಿಷನ್ ಮಾಡಿ' ಎಂದು ಗೆಳೆಯರೊಬ್ಬರು ಹೇಳಿದರು. ನನ್ನಂಥವನಿಗೆ ಅದು ಆಗುತ್ತದೆಯೇ?

ಉತ್ತರ: ಮೊದಲು ಆ ಹುಡುಗನ ಜೊತೆ ಮಾತಾಡಿ. ನಿಮಗೆ ನೋವಾಗಿದೆ, ಗೊತ್ತಾಗುತ್ತದೆ. ಆದರೂ ಬಾಕಿ ಸಂಬಳ, ಅನುಭವ ಪತ್ರ ಕೊಟ್ಟು ಚೆನ್ನಾಗಿ ಕಳಿಸಿ. ಐದು ವರ್ಷ ತುಂಬಿದ್ದರೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಗ್ರಾಚ್ಯುಟಿ ಅವನ ಹಕ್ಕು. ಉಳಿದ 13 ಜನ ಇದನ್ನೆಲ್ಲ ನೋಡುತ್ತಿರುತ್ತಾರೆ.

'ಎಂಪ್ಲಾಯೀ ವ್ಯಾಲ್ಯೂ ಪ್ರೊಪೊಸಿಷನ್' ಎಂಬ ದೊಡ್ಡ ಹೆಸರಿಗೆ ಹೆದರಬೇಡಿ. 'ಇಲ್ಲೇ ದುಡಿದರೆ ನನಗೇನು ಸಿಗುತ್ತದೆ?' ಅಂತ ಕೆಲಸಗಾರ ಕೇಳಿದಾಗ ನೀವು ಕೊಡುವ ಉತ್ತರ ಅದು. ಆ ಉತ್ತರ ನಿಮ್ಮಲ್ಲಿ ಉಳಿದವರ ಹತ್ತಿರ ಇದೆ. ಇನ್ನೂ ಯಾಕೆ ಇಲ್ಲಿದ್ದೀರಿ ಅಂತ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿ. ಗುಂಪಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ನನಗನ್ನಿಸುವುದು ಹೇಳುತ್ತೇನೆ. ನಿಮ್ಮ ಹುಡುಗರಲ್ಲಿ ಹಲವರ ಮನೆಯಲ್ಲಿ ಗದ್ದೆ ಇರುತ್ತದೆ, ಅಲ್ವಾ? ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ನೀರು ಬಿಟ್ಟರೆ ನಾಟಿ. ಸಕ್ಕರೆ ಕಾರ್ಖಾನೆಯಿಂದ ಆರ್ಡರ್ ಬಂದರೆ ಕಬ್ಬು ಕಟಾವು. ಆಗ ಮನೆಯಲ್ಲಿ ಗಂಡಾಳು ಬೇಕೇ ಬೇಕು. ದೂರದ ಮಾಲೀಕನಿಗೆ ಇದು ಅರ್ಥವಾಗುವುದು ಕಷ್ಟ, ನಿಮಗೆ ಗೊತ್ತು. ನಾಟಿ, ಕಟಾವಿಗೆ ಇಷ್ಟು ದಿನ ರಜೆ, ಶಿಫ್ಟ್ ಅದಲುಬದಲು ಮಾಡಿಕೊಳ್ಳಬಹುದು ಅಂತ ಬರೆದೇ ಕೊಡಿ. ಹಾಗೆಯೇ ಆಪರೇಟರ್ ಆಗಿ ಸೇರಿದವನು ಎಷ್ಟು ವರ್ಷಕ್ಕೆ ಸೆಟ್ಟರ್ (ಮೆಷಿನ್ ಹೊಂದಿಸುವವನು), ಪ್ರೋಗ್ರಾಮರ್ ಆಗಬಹುದು, ಆಗ ಸಂಬಳ ಎಷ್ಟು ಎಂಬುದನ್ನೂ ಬರೆಯಿರಿ. ಮುಂದಿನ ದಾರಿ ಕಾಣದೆ ಹೋಗುವವರೂ ಇರುತ್ತಾರೆ.

ಬೆಂಗಳೂರಿನ ರೂಮ್ ಬಾಡಿಗೆ, ಊಟ ಕಳೆದು ಕೈಯಲ್ಲಿ ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕಿ ತೋರಿಸಿ. ಅದೇ ನೆಪದಲ್ಲಿ ಸಂಬಳ ತೀರಾ ಕಡಿಮೆ ಇಡಬೇಡಿ.

ನಿಮ್ಮಲ್ಲಿ 10ಕ್ಕಿಂತ ಜಾಸ್ತಿ ಜನ ಇರುವುದರಿಂದ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಡ್ಡಾಯ. ನಿಮ್ಮ ಪಾಲು ಶೇ 3.25, ಅವರದು ಶೇ 0.75. ಇದನ್ನು ನಿಮ್ಮ ಉದಾರತೆ ಅಂತ ಹೇಳಿಕೊಳ್ಳಬೇಡಿ. ಪಿಎಫ್ ಮಾತ್ರ 20 ಜನ ಇದ್ದರೆ ಕಡ್ಡಾಯ. ನೀವಾಗಿಯೇ ಸೇರಿಸಿದರೆ ಅದು ನಿಜವಾದ ಕೊಡುಗೆ. ಹೆಣ್ಣು ನೋಡಲು ಹೋದ ಮನೆಯಲ್ಲೂ 'ಪಿಎಫ್ ಇದೆಯಾ' ಅಂತ ಕೇಳುವ ಕಾಲ ಇದು.

ನಡೆಸಲಾಗದ ಒಂದು ಮಾತನ್ನೂ ಬರೆಯಬೇಡಿ. 7ಕ್ಕೆ ಸಂಬಳ ಅಂದರೆ 7ಕ್ಕೇ ಖಾತೆಗೆ ಬೀಳಬೇಕು. ಗಿರಾಕಿಯಿಂದ ದುಡ್ಡು ಬಂದಿಲ್ಲ ಅಂತ ಅವರನ್ನು ಕಾಯಿಸಬೇಡಿ. ಒಂದು ತಿಂಗಳ ಸಂಬಳದಷ್ಟು ಹಣವನ್ನು ಬೇರೆ ತೆಗೆದಿಡಲು ಈಗಿನಿಂದಲೇ ಶುರು ಮಾಡಿ.