ಅಂಗಿಯ ಗುಂಡಿ ಹಾಕಿಕೊಳ್ಳಲು ಅಪ್ಪನಿಗೆ ಇಪ್ಪತ್ತು ನಿಮಿಷ ಬೇಕಿತ್ತು

ತಂದೆಗೆ ಸ್ಟ್ರೋಕ್ ಆಗಿ ಎರಡು ತಿಂಗಳಾಯಿತು, ಬಲಗೈ ಏಳುತ್ತಿಲ್ಲ, ಮಾತು ಹೋಗಿದೆ, ಅವರಿಗೆ ಧೈರ್ಯ ತುಂಬುವುದು ಹೇಗೆ ಅಂತ ಕೇಳಿದ್ದೀರಿ. ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ಆರು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಹಿಡಿದು ಕಂಡವರನ್ನೆಲ್ಲ ಕೇಳುತ್ತಿದ್ದೆ.

ನಮ್ಮ ಅಪ್ಪನಿಗೂ ಮೆದುಳಿನ ಎಡಗಡೆಯ ರಕ್ತನಾಳ ಕಟ್ಟಿಕೊಂಡಿತ್ತು. ದೇಹದ ಬಲಭಾಗವನ್ನು ಆಡಿಸುವುದು ಆ ಎಡಭಾಗ. ಹೆಚ್ಚಿನವರಲ್ಲಿ ಮಾತೂ ಅಲ್ಲೇ ಇರುತ್ತದೆ. ಹಾಗಾಗಿ ಕೈಯೂ ಮಾತೂ ಒಟ್ಟಿಗೆ ಹೋದವು. ಬೆಳಿಗ್ಗೆ ಅವರ ಬಾಯಿ ಒಂದು ಕಡೆ ವಾಲಿದ್ದನ್ನು ನಾನು ನೋಡಿದ್ದೆ. ನಿದ್ದೆ ಸಾಲದೆ ಹೀಗಾಗಿದೆ ಅಂದುಕೊಂಡು ಮಲಗಿಸಿದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು ಅಂತ ಗೊತ್ತಾಗುವ ಹೊತ್ತಿಗೆ ಆ ಸಮಯ ದಾಟಿತ್ತು. ಆ ನೋವು ನನಗೆ ಇವತ್ತಿಗೂ ಇದೆ. ಅಪ್ಪ ಮಾತ್ರ ಒಂದು ದಿನವೂ ಅದನ್ನು ಎತ್ತಿಲ್ಲ.

ಮೊದಲ ವಾರಗಳಲ್ಲಿ ಅವರ ಬಾಯಲ್ಲಿ ಉಳಿದಿದ್ದು 'ಅಲ್ಲ' ಅನ್ನುವ ಒಂದೇ ಪದ. ನೀರು ಬೇಕಾದರೂ 'ಅಲ್ಲ', ನನ್ನನ್ನು ಕರೆಯಲೂ 'ಅಲ್ಲ'. ಬಂದ ಪದ ತಪ್ಪು ಅಂತ ಅವರಿಗೇ ಗೊತ್ತಾಗುತ್ತಿತ್ತು. ಎಡಗೈಯಿಂದ ಹಾಸಿಗೆಗೆ ಬಡಿಯುತ್ತಿದ್ದರು. ಸ್ಪೀಚ್ ಥೆರಪಿಸ್ಟ್ ಹೇಳಿದ ಮೇಲೆಯೇ ನಮಗೆ ಅರ್ಥವಾಗಿದ್ದು: ಇದಕ್ಕೆ ಅಫೇಸಿಯಾ ಅನ್ನುತ್ತಾರೆ, ಬುದ್ಧಿ ಎಲ್ಲಿಗೂ ಹೋಗಿಲ್ಲ, ಪದ ಸಿಗುತ್ತಿಲ್ಲ ಅಷ್ಟೇ. 1861ರಲ್ಲಿ ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ ನೋಡಿದ ಒಬ್ಬ ರೋಗಿಗೂ 'ಟಾನ್' ಅನ್ನುವ ಒಂದೇ ಶಬ್ದ ಉಳಿದಿತ್ತಂತೆ. ಆ ರೋಗಿ ತೀರಿಕೊಂಡ ಮೇಲೆ ಮೆದುಳು ನೋಡಿದಾಗ ಎಡಗಡೆ ಮುಂಭಾಗ ಹಾಳಾಗಿದ್ದು ಕಂಡಿತು. ಇದನ್ನು ಥೆರಪಿಸ್ಟ್ ಅಪ್ಪನಿಗೇ ಹೇಳಿದರು. ಅಪ್ಪ ಬಹಳ ಗಮನ ಕೊಟ್ಟು ಕೇಳಿದರು. ತನಗೊಬ್ಬನಿಗೇ ಹೀಗಾಗಿಲ್ಲ ಅನ್ನುವುದು ಅವರಿಗೆ ಬೇಕಿತ್ತು ಅನ್ನಿಸುತ್ತದೆ.

ಅಲ್ಲಿಯವರೆಗೆ ನಾವು ಏನು ಮಾಡುತ್ತಿದ್ದೆವು ಗೊತ್ತಾ? ಮಗುವಿಗೆ ಹೇಳುವ ಹಾಗೆ ಜೋರಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದೆವು. 'ಏನೂ ಆಗಲ್ಲ, ಧೈರ್ಯವಾಗಿರಿ' ಅಂತ ದಿನಕ್ಕೆ ಹತ್ತು ಸಲ. ಅವರು ಗೋಡೆ ಕಡೆ ತಿರುಗಿ ಮಲಗುತ್ತಿದ್ದರು.

ನಾಲ್ಕನೇ ತಿಂಗಳಿಗೆ ಬಲಗೈ ಬೆರಳು ಸ್ವಲ್ಪ ಆಡತೊಡಗಿದವು. ಒಂದು ಬೆಳಿಗ್ಗೆ ಅಂಗಿ ತೊಡಿಸಿ ಗುಂಡಿ ಹಾಕಲು ಹೋದೆ. ಅಪ್ಪ ಎಡಗೈ ಅಡ್ಡ ಹಿಡಿದರು. 'ಅಲ್ಲ.' ಈ ಸಲ ಪದ ಸರಿಯಾಗಿಯೇ ಬಂದಿತ್ತು. ಎಡಗೈಯನ್ನು ತೊಡೆಯ ಕೆಳಗೆ ಸೇರಿಸಿ ಕೂತರು. ಚೆನ್ನಾಗಿರುವ ಕೈಯನ್ನು ಕಟ್ಟಿಹಾಕಿ ಸೋತ ಕೈಗೆ ಕೆಲಸ ಕೊಡುವುದನ್ನು ಫಿಸಿಯೋಥೆರಪಿಯಲ್ಲಿ ಕಲಿಸಿದ್ದರು. ಹೆಬ್ಬೆರಳು, ತೋರುಬೆರಳ ನಡುವೆ ಗುಂಡಿ ನಿಲ್ಲುತ್ತಿರಲಿಲ್ಲ. ಹಿಡಿಯುವುದು, ಜಾರುವುದು, ಮತ್ತೆ ಹಿಡಿಯುವುದು. ಹಣೆಯಲ್ಲಿ ಬೆವರು. ಕೈ ನಡುಗಿ ಅಂಗಿಯ ಅಂಚು ಮುದುಡಿಹೋಯಿತು. ಇಪ್ಪತ್ತು ನಿಮಿಷದಲ್ಲಿ ಒಂದು ಗುಂಡಿ, ಅದೂ ತಪ್ಪು ತೂತಿಗೆ. ಅಪ್ಪ ಅದನ್ನು ನೋಡಿದರು, ಬಿಚ್ಚಿದರು, ಮತ್ತೆ ಶುರು ಮಾಡಿದರು.

ನನಗೆ ಮೈಯೆಲ್ಲ ಚಡಪಡಿಕೆ. ಒಂದು ಸೆಕೆಂಡಿನ ಕೆಲಸ, ಕೈ ಚಾಚಿದರೆ ಮುಗಿಯಿತು. ಆದರೆ ಅವರು ತಮ್ಮ ಮಗನ ಕಣ್ಣೆದುರೇ ಸೋಲುತ್ತಾ, ನಾಚಿಕೆಪಡದೆ ಮುಂದುವರಿಸುತ್ತಿದ್ದರು. ಜೀವನವಿಡೀ ಯಾರ ಮುಂದೆಯೂ ಕೈ ಚಾಚದ ಮನುಷ್ಯ. ಧೈರ್ಯ ಅವರ ಹತ್ತಿರ ಬೇಕಾದಷ್ಟಿತ್ತು. ಅಲ್ಲಿ ಕೂತು ನೋಡುವ ಧೈರ್ಯ ನನಗೇ ಇರಲಿಲ್ಲ.

ಹಾಗಂತ ಅವರು ಯಾವಾಗಲೂ ಗಟ್ಟಿಯಾಗಿದ್ದರು ಅಂತ ತಿಳಿಯಬೇಡಿ. ಮಧ್ಯೆ ಮೂರು ವಾರ ವ್ಯಾಯಾಮ ಬಿಟ್ಟು ಸುಮ್ಮನೆ ಅಳುತ್ತಿದ್ದರು. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಡಾಕ್ಟರ್ ಕೊಟ್ಟ ಮಾತ್ರೆಯಿಂದ ಅಪ್ಪ ನಿಧಾನಕ್ಕೆ ಚೇತರಿಸಿಕೊಂಡರು. ನಿಮ್ಮ ತಂದೆಯೂ ಮಂಕಾಗಿದ್ದರೆ ಅದನ್ನು ಡಾಕ್ಟರ್‌ಗೆ ಹೇಳಿ, ದಯವಿಟ್ಟು. 'ಮನಸ್ಸು ಗಟ್ಟಿ ಮಾಡ್ಕೊಳ್ಳಿ' ಅಂದರೆ ಅದು ಹೋಗುವುದಿಲ್ಲ.

ಇನ್ನೊಂದು, ಅವರನ್ನು ಎಬ್ಬಿಸುವಾಗ ಸೋತ ಕೈ ಹಿಡಿದು ಎಳೆಯಬೇಡಿ. ಭುಜದ ಕೀಲು ಸಡಿಲವಾಗಿರುತ್ತದೆ, ಜಾರಿಬಿಡಬಹುದು. ಅವರು ಪದ ಹುಡುಕುವಾಗ ನೀವು ಬೇಗ ತುಂಬಿಸಿಬಿಡಬೇಡಿ, ಕಾಯಿರಿ. ಹಳೆಯ ಹಾಡು ಹಾಡಿಸಿ ನೋಡಿ. ಮಾತು ಬಾರದ ಕೆಲವರಿಗೆ ಹಾಡಿನ ಜೊತೆ ಪದಗಳು ಬರುತ್ತವೆ. ಅಪ್ಪ ಒಂದು ಪಲ್ಲವಿಯನ್ನು ಪೂರ್ತಿ ಹಾಡಿದ ದಿನ ಅಮ್ಮ ಬಾಗಿಲ ಹಿಂದೆ ನಿಂತು ಅತ್ತರು. ಎರಡು ತಿಂಗಳು ಅಂದರೆ ಇನ್ನೂ ಶುರು. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಜಾಸ್ತಿ ಕಾಣುತ್ತದೆ ನಿಜ, ಆದರೆ ಆಮೇಲೂ ಅದು ನಿಲ್ಲುವುದಿಲ್ಲ. ನಮ್ಮ ಅಪ್ಪ ಕೋಲಿಲ್ಲದೆ ನಡೆದಿದ್ದು ಎರಡನೇ ವರ್ಷದಲ್ಲಿ.

ಈಗ ಅಂಗಿಯ ಗುಂಡಿಗಳನ್ನು ಅವರೇ ಹಾಕಿಕೊಳ್ಳುತ್ತಾರೆ. ಕಾಲರಿನ ಹತ್ತಿರದ್ದು ಮಾತ್ರ ಇನ್ನೂ ಆಗುವುದಿಲ್ಲ. ಅದಕ್ಕೆ ನನ್ನನ್ನು ಕರೆಯುತ್ತಾರೆ, ಹೆಸರು ಹಿಡಿದು.