ಸ್ಪೇನಿನ ವಲೆನ್ಸಿಯಾದಲ್ಲಿ ದೊಡ್ಡ ದೊಡ್ಡ ಬೊಂಬೆಗಳನ್ನು ಸುಡುವ ಫಾಯಾಸ್ ಹಬ್ಬಕ್ಕೆ ಒಂದೇ ದಿನ ಹೋದರೆ, ಬೆಂಕಿ ನೋಡಲು ಒಳ್ಳೆ ಜಾಗ ಯಾವುದು?

ಬೆಂಕಿಯ ಜಾಗ ಆಮೇಲೆ ಹೇಳ್ತೀನಿ. ನಾನೂ ನಿಮ್ಮ ಹಾಗೇ ಮಾರ್ಚ್ 19ಕ್ಕೆ, ಹಬ್ಬದ ಅದೊಂದೇ ದಿನಕ್ಕೆ, ಮ್ಯಾಡ್ರಿಡ್‌ನಿಂದ ರೈಲು ಹತ್ತಿ ಹೋಗಿದ್ದೆ. ಇಳಿದಾಗ ಮೂರು ಗಂಟೆ. ಸೀದಾ ನಗರಸಭೆ ಚೌಕಕ್ಕೆ ಹೋಗಿ ನಿಂತೆ, ಜಾಗ ಕೈತಪ್ಪುತ್ತೆ ಅಂತ ರಾತ್ರಿವರೆಗೂ ಕದಲಲಿಲ್ಲ.

ತಪ್ಪು ಅಲ್ಲೇ ಆಯ್ತು. ದಾರಿಯಲ್ಲಿ ನಾಲ್ಕು ಕೂಡುರಸ್ತೆಗಳಲ್ಲಿ ಮಹಡಿ ಎತ್ತರದ ಬೊಂಬೆಗಳಿದ್ದವು. ಆಮೇಲೆ ನೋಡೋಣ ಅಂದುಕೊಂಡೆ. ನನ್ನ ತಲೆಯಲ್ಲಿದ್ದದ್ದು ನಮ್ಮೂರ ಕಾಮದಹನ: ಸೌದೆ ಒಟ್ಟುತ್ತಾರೆ, ಸುಡುತ್ತಾರೆ, ನೋಡುವುದು ಬೆಂಕಿಯನ್ನು, ಸೌದೆಯನ್ನಲ್ಲ. ಇಲ್ಲಿ ಹಾಗಲ್ಲ. ಒಂದೊಂದು ಬಡಾವಣೆಯವರೂ ವರ್ಷವಿಡೀ ದುಡ್ಡು ಕೂಡಿಸಿ, ಕಲಾವಿದರಿಂದ ಈ ಬೊಂಬೆಗಳನ್ನು ಮಾಡಿಸಿ, 15ರ ಹೊತ್ತಿಗೆ ನಿಲ್ಲಿಸುತ್ತಾರೆ. ರಾಜಕಾರಣಿಗಳ ಅಣಕ, ಊರ ಜಗಳ, ಪಕ್ಕದಲ್ಲಿ ಪ್ರಾಸದ ಸಾಲುಗಳ ಫಲಕ. ದೊಡ್ಡದರ ಹತ್ತಿರ ಮಕ್ಕಳದ್ದೊಂದು ಚಿಕ್ಕದು. ಎಲ್ಲ ಸೇರಿ 700ಕ್ಕೂ ಹೆಚ್ಚು, 19ರ ರಾತ್ರಿ ಅಷ್ಟೂ ಬೂದಿ! ಬೆಳಕಿದ್ದ ಹೊತ್ತೆಲ್ಲ ನಾನು ನೋಡಿದ್ದು ಮುಂದಿದ್ದವರ ಬೆನ್ನು, ರಾತ್ರಿ ಕಂಡದ್ದು ತಲೆಗಳ ಮೇಲಿನ ಕೆಂಪು ಬೆಳಕು.

ವಾಪಸ್ ಬರುವಾಗ ಒಂದು ಓಣಿಯಲ್ಲಿ ಒಂದು ಬೊಂಬೆ ಇನ್ನೂ ಉರಿದು ಕುಸಿಯುತ್ತಿತ್ತು, ಅಗ್ನಿಶಾಮಕದವರು ಮನೆಗೋಡೆಗಳಿಗೆ ನೀರು ಹೊಡೀತಿದ್ದರು. ರೇಷ್ಮೆ ಲಂಗದ ಹುಡುಗಿಯೊಬ್ಬಳು ಗೆಳತಿಯರನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಆ ಬೊಂಬೆ ಏನಾಗಿತ್ತು ಅಂತಲೂ ನನಗೆ ಗೊತ್ತಿರಲಿಲ್ಲ, ಅದಕ್ಕೆ ನನಗೆ ಅಳು ಬರಲಿಲ್ಲ. ಅದೇ ಇವತ್ತಿಗೂ ಕಾಡುತ್ತೆ.

ಮರುದಿನ ಫಾಯಾಸ್ ಮ್ಯೂಸಿಯಂಗೆ ಹೋದೆ. 1934ರಿಂದ ಈಚೆಗೆ ಜನರ ಮತದಿಂದ ಬೆಂಕಿ ತಪ್ಪಿಸಿಕೊಂಡ ಬಿಡಿ ಬೊಂಬೆಗಳು ಅಲ್ಲಿವೆ. ಒಬ್ಬ ಅಜ್ಜಿಯ ಬೊಂಬೆ, ಕೈಯ ನರಗಳೂ ಎದ್ದು ಕಾಣುತ್ತಿದ್ದವು. ಇಂಥವು ನಿನ್ನೆ ಬೀದಿಯಲ್ಲೇ ಇದ್ದವಲ್ಲ ಅನ್ನಿಸಿತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ನಿಜವಾಗಲೂ ಒಂದೇ ದಿನ ಇದ್ದರೆ 19 ಬಿಡಿ, 18ಕ್ಕೆ ಹೋಗಿ. ಬೆಳಿಗ್ಗೆ ರುಸಾಫಾ, ಕಾರ್ಮೆನ್ ಬಡಾವಣೆಗಳಲ್ಲಿ ಸುಮ್ನೆ ನಡೀರಿ, ಬುನ್ಯುವೆಲೋ ಅನ್ನುವ ಕುಂಬಳಕಾಯಿಯ ಕರಿದ ಸಿಹಿತಿಂಡಿಯನ್ನು ಬಿಸಿ ಚಾಕೊಲೇಟ್ ಜೊತೆ ತಿನ್ನಿ. ಮಧ್ಯಾಹ್ನ 2ಕ್ಕೆ ನಗರಸಭೆ ಚೌಕದಲ್ಲಿ ಮಸ್ಕ್ಲೆತಾ, ಅದು ಕಣ್ಣಿಗಲ್ಲ, ಎದೆಗೆ ಬಡಿಯುವ ಪಟಾಕಿ. ಸಂಜೆ ಮೇರಿ ಮಾತೆಗೆ ಹೂ ಒಪ್ಪಿಸುವ ಮೆರವಣಿಗೆ, ಆ ಹೂಗಳಿಂದಲೇ ಆಕೆಯ ನಿಲುವಂಗಿ ಕಟ್ಟುತ್ತಾರೆ. ಇನ್ನೊಂದು ದಿನ ರಜೆ ಸಿಕ್ಕರೆ, ಹಗಲಲ್ಲಿ ನಿಮಗೆ ಇಷ್ಟವಾದ ಒಂದು ಸಣ್ಣ ಓಣಿಯ ಬೊಂಬೆ ಇರುತ್ತಲ್ಲ, 19ರ ರಾತ್ರಿ ಅದರ ಮುಂದೆ ಹೋಗಿ ನಿಲ್ಲಿ. ನೀವು ಕೇಳಿದ ಒಳ್ಳೆ ಜಾಗ ಅದೇ.