ಚಿಕ್ಕಮಗಳೂರಿನಲ್ಲೇ ಇದ್ದು ಇಂಟರ್‌ಆಕ್ಟಿವ್ ಡಾಕ್ಯುಮೆಂಟರಿ ಕೆಲಸ ಶುರು ಮಾಡಬಹುದಾ?

ಖಂಡಿತ ಮಾಡಬಹುದು, ಕೋರ್ಸಿಗೆ ಕಾಯಬೇಡಿ. ಇದರಲ್ಲಿ ಜನ ಸುಮ್ನೆ ಕೂತು ನೋಡುವುದಿಲ್ಲ, ಯಾರ ಮಾತು ಮೊದಲು ಕೇಳಬೇಕು ಅಂತ ಅವರೇ ಒತ್ತಿ ಆರಿಸುತ್ತಾರೆ. ಹಾಗಾಗಿ ಕಥೆಯ ಕವಲುಗಳನ್ನು ಯೋಚಿಸುವುದೇ ಜಾಸ್ತಿ ಕೆಲಸ. ನಿಮ್ಮೂರ ಕಾಫಿ ತೋಟವನ್ನೇ ತಗೊಳ್ಳಿ. ಹೂಮಳೆ, ಅಂದ್ರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದು ಸುಮಾರು 8-10 ದಿನಕ್ಕೆ ಗಿಡವೆಲ್ಲ ಹೂವಿನಿಂದ ಬೆಳ್ಳಗಾಗುತ್ತದೆ ಅಲ್ವಾ, ಆ ಒಂದು ಮಳೆಯ ಬಗ್ಗೆ ತೋಟದ ಮಾಲೀಕರು, ಕೂಲಿಗೆ ಬರುವ ಹೆಂಗಸರು, ಜೇನು ಸಾಕುವವರು ಬೇರೆ ಬೇರೆ ಥರ ಹೇಳುತ್ತಾರೆ, ಆ ಮೂರೂ ದನಿಯನ್ನು ಫೋನಿನಲ್ಲೇ ರೆಕಾರ್ಡ್ ಮಾಡಿ. ಜೋಡಿಸಲು 2009ರಲ್ಲಿ ಬಂದ ಟ್ವೈನ್ (Twine) ಅನ್ನುವ ಸಾಫ್ಟ್‌ವೇರ್ ಇದೆ, ಪೂರ್ತಿ ಉಚಿತ, ಕಥೆಯ ಕವಲುಗಳನ್ನು ಜೋಡಿಸಲು ಕೋಡಿಂಗ್ ಬರದಿದ್ದರೂ ನಡೆಯುತ್ತದೆ. ಇಂಟರ್‌ಆಕ್ಟಿವ್ ಡಾಕ್ಯುಮೆಂಟರಿ ಅನ್ನುವ ಹೆಸರಿನ ಹುದ್ದೆ ಕಡಿಮೆ. ಪತ್ರಿಕೆಗಳ ಡಿಜಿಟಲ್ ವಿಭಾಗ, ಮ್ಯೂಸಿಯಂ, ಎನ್‌ಜಿಒಗಳ ಬಿಡಿ ಕೆಲಸಗಳನ್ನು ಹುಡುಕಿ, ಕೇಳಿದಾಗ ಈ ತೋಟದ ಲಿಂಕನ್ನೇ ಕಳಿಸಿ.